ಹಡಗಿನಿಂದ ಹಂಪನಕಟ್ಟೆಗೆ: ಹತ್ತು ಕಿ.ಮೀ. ದಾರಿ ಯಾರ ಹೊಣೆ?

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರಲಾರಂಭಿಸುತ್ತವೆ. ಹಡಗು ದಕ್ಕೆಗೆ ತಾಗಿದೊಡನೆ ಚೆಂಡೆಯ ಸದ್ದು, ಯಕ್ಷಗಾನದ ವೇಷ, ಹೂಮಾಲೆ. ಮರುದಿನ ಪತ್ರಿಕೆಗಳಲ್ಲಿ ಚಿತ್ರ. ಕೋವಿಡ್ ಕಾಲದ ಸ್ತಬ್ಧತೆಯ ಬಳಿಕ 2022ರ ನವೆಂಬರ್‌ನಲ್ಲಿ ಯುರೋಪಾ 2 ಹಡಗು ಬಂದಾಗ ಕರಾವಳಿಯಲ್ಲಿ ಈ ಉತ್ಸಾಹ ಮರಳಿತು. ಸ್ವಾಗತದ ಮಟ್ಟಿಗೆ ಇಲ್ಲಿನ ಆತಿಥ್ಯಕ್ಕೆ ಹೆಸರಿಡುವಂತಿಲ್ಲ.

ಪ್ರಶ್ನೆ ಏಳುವುದು ಸ್ವಾಗತ ಮುಗಿದ ಬಳಿಕ. ಹಡಗು ಕಂಪನಿ ಮಾರುವ ಪ್ಯಾಕೇಜ್ ಪ್ರವಾಸವನ್ನು ಕೊಳ್ಳದೆ, ತನ್ನಷ್ಟಕ್ಕೆ ತಾನು ನಗರ ನೋಡಿ ಬರುತ್ತೇನೆಂದು ಹೊರಟ ಪ್ರಯಾಣಿಕನಿಗೆ ದಾರಿ ಯಾವುದು? ದಕ್ಕೆಯಿಂದ ಹಂಪನಕಟ್ಟೆಗೆ ಸುಮಾರು ಹತ್ತು ಕಿಲೋಮೀಟರ್. ಸಾವಿರಾರು ಮೈಲಿ ಸಮುದ್ರ ದಾಟಿ ಬಂದವನಿಗೆ ಇದೊಂದು ದೂರವೇ ಅಲ್ಲ. ಆದರೂ ಇಡೀ ಯಾನದಲ್ಲಿ ಅವನು ಹೆಚ್ಚು ಅಳುಕುವುದು ಈ ತುಣುಕು ದಾರಿಯಲ್ಲಿಯೇ. ಕ್ರೂಸ್ ಪ್ರವಾಸೋದ್ಯಮದಿಂದ ಊರಿಗೆ ಏನು ದಕ್ಕುತ್ತದೆ ಎಂಬುದನ್ನು ತೀರ್ಮಾನಿಸುವುದೂ ಇದೇ ದಾರಿ.

ಸರಕಿಗಾಗಿ ಕಟ್ಟಿದ ಬಂದರು

ಮಂಗಳೂರಿನ ಹಳೆ ಬಂದರು ನಗರದ ಮಡಿಲಲ್ಲೇ ಇದೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ನಿಲ್ಲುವ ಆ ದಕ್ಕೆಯಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಆದರೆ ನದಿಮುಖದ ಆಳ ಸಾಲದ ಕಾರಣ ದೊಡ್ಡ ಹಡಗುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅದಕ್ಕಾಗಿಯೇ ಪಣಂಬೂರಿನಲ್ಲಿ ನೆಲ ಅಗೆದು, ಕಡಲನ್ನು ಒಳಕ್ಕೆ ತಂದು ಕೃತಕ ಬಂದರನ್ನು ನಿರ್ಮಿಸಲಾಯಿತು. 1975ರ ಜನವರಿಯಲ್ಲಿ ಆಗಿನ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು.

ಆಗ ಯೋಜಕರ ಕಣ್ಣಮುಂದೆ ಇದ್ದದ್ದು ಕುದುರೆಮುಖದ ಅದಿರಿನಂಥ ಸರಕು. ಅನಂತರ ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಾಫಿ ಸೇರಿಕೊಂಡವು. ಬಂದರನ್ನು ಸುರತ್ಕಲ್, ನಂತೂರು, ಬಿ.ಸಿ. ರೋಡಿಗೆ ಜೋಡಿಸುವ ಸಂಪರ್ಕ ರಸ್ತೆಯನ್ನೂ ಲಾರಿಗಳ ಲೆಕ್ಕದಲ್ಲೇ ರೂಪಿಸಲಾಯಿತು. ಈ ವ್ಯವಸ್ಥೆಯಲ್ಲಿ ಕಾಲ್ನಡಿಗೆಯ ಮನುಷ್ಯನಿಗೆ ಜಾಗವಿರಲಿಲ್ಲ. ಇರಬೇಕೆಂದು ಆಗ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಭದ್ರತೆಯ ನಿಯಮಗಳು ಈ ಕಷ್ಟವನ್ನು ಇನ್ನಷ್ಟು ಬಿಗಿಗೊಳಿಸಿವೆ. ಅಮೆರಿಕದ ಮೇಲಿನ 2001ರ ದಾಳಿಯ ನಂತರ ರೂಪುಗೊಂಡ ಅಂತಾರಾಷ್ಟ್ರೀಯ ಹಡಗು ಮತ್ತು ಬಂದರು ಭದ್ರತಾ ಸಂಹಿತೆ 2004ರ ಜುಲೈನಲ್ಲಿ ಜಾರಿಗೆ ಬಂತು. ಬಂದರಿನ ಆವರಣಕ್ಕೆ ಯಾರು ಬರಬೇಕು, ಯಾರು ಎಲ್ಲಿ ಓಡಾಡಬೇಕು ಎಂಬುದೆಲ್ಲ ಅದರಡಿ ನಿಗದಿಯಾಗಿದೆ. ಕಲ್ಲಿದ್ದಲಿನ ರಾಶಿ, ಕ್ರೇನು, ಲಾರಿಗಳ ನಡುವೆ ಪ್ರವಾಸಿ ಅಡ್ಡಾಡುವುದು ಯಾರಿಗೂ ಒಳ್ಳೆಯದಲ್ಲ ಎಂಬುದೂ ನಿಜ. ಆದ್ದರಿಂದ ಹಡಗಿನ ಏಣಿಯಿಂದ ಗೇಟಿನವರೆಗಿನ ಮೊದಲ ಹೆಜ್ಜೆಗೇ ವಾಹನ ಬೇಕು. ಅದನ್ನು ಒದಗಿಸದಿದ್ದರೆ ಸ್ವತಂತ್ರ ಪ್ರಯಾಣಿಕ ಸ್ವತಂತ್ರನಾಗಿ ಉಳಿಯುವುದಿಲ್ಲ.

ಗಡಿಯಾರದ ಲೆಕ್ಕ

ಕ್ರೂಸ್ ಪ್ರಯಾಣಿಕನಿಗೂ ಬೇರೆ ಪ್ರವಾಸಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ವಿಮಾನದಲ್ಲಿ ಬಂದವನು ಹೋಟೆಲಿನಲ್ಲಿ ಉಳಿಯುತ್ತಾನೆ. ಒಂದು ಬಸ್ಸು ತಪ್ಪಿದರೆ ಮುಂದಿನದನ್ನು ಹಿಡಿಯುತ್ತಾನೆ. ಹಡಗಿನವನಿಗೆ ಸಿಗುವುದು ಒಂದೇ ಹಗಲು. ಉದಾಹರಣೆಗೆ, ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೊರಡುವ ಹಡಗನ್ನು ತೆಗೆದುಕೊಳ್ಳಬಹುದು. ವಲಸೆ ತಪಾಸಣೆ, ಸುಂಕದ ವಿಧಿಗಳು ಮುಗಿದು ಹೊರಬರುವಾಗ ಗಂಟೆ ಹತ್ತು. ಹೊರಡುವುದಕ್ಕೆ ಅರ್ಧ ತಾಸೋ ಒಂದು ತಾಸೋ ಮೊದಲೇ ಹಡಗೇರಬೇಕೆಂಬುದು ಕಂಪನಿಗಳ ನಿಯಮ. ಹೋಗಿಬರುವ ದಾರಿಗೆ ಒಂದೂವರೆ, ಎರಡು ತಾಸು ಕಳೆದರೆ ಕೈಯಲ್ಲಿ ಉಳಿಯುವುದು ಐದು ಗಂಟೆ.

ಆ ಐದು ಗಂಟೆಯ ಮೇಲೂ ಒಂದು ಭಯ ತೂಗುತ್ತಿರುತ್ತದೆ. ಹಡಗು ಕಂಪನಿಯೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾನಾಗಿ ಹೋದವನಿಗೆ ಕಾಯುವುದಿಲ್ಲ. ಹಡಗು ತಪ್ಪಿದವನು ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕು. ಕೂಳೂರು ಸೇತುವೆಯ ಬಳಿಯ ವಾಹನ ದಟ್ಟಣೆ ಸ್ಥಳೀಯರಿಗೆ ಗೊತ್ತಿರುವ ಸಂಗತಿ, ಹೊರಗಿನವನಿಗೆ ಗೊತ್ತಿರುವುದಿಲ್ಲ. ಇದೇ ಅನಿಶ್ಚಿತತೆ ಪ್ಯಾಕೇಜ್ ಪ್ರವಾಸದ ಬಂಡವಾಳ. ಬಂದರಿನಿಂದ ನಗರಕ್ಕೆ ನಂಬುವಂಥ ಸಾರಿಗೆ ಇಲ್ಲದ ಕಡೆಗಳಲ್ಲೆಲ್ಲ ಪ್ಯಾಕೇಜುಗಳು ಚೆನ್ನಾಗಿ ಮಾರಾಟವಾಗುತ್ತವೆ.

ಪ್ಯಾಕೇಜ್ ಪ್ರವಾಸ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಕಾರ್ಕಳದ ಗೊಮ್ಮಟನ ಬೆಟ್ಟಕ್ಕೋ ಒಂದೇ ಹಗಲಿನಲ್ಲಿ ಹೋಗಿಬರಲು ಅದೇ ಸುಲಭ. ವಯಸ್ಸಾದವರಿಗೆ ಅನುಕೂಲ, ಸ್ಥಳೀಯ ಬಸ್ ಮಾಲೀಕರಿಗೆ, ಮಾರ್ಗದರ್ಶಿಗಳಿಗೆ ಕೆಲಸ. ಆದರೆ ಪ್ರಯಾಣಿಕ ತೆತ್ತ ಹಣದ ಒಂದು ಪಾಲು ಹಡಗಿನಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಊಟಕ್ಕೆ ಹಡಗಿಗೇ ಮರಳಿದರೆ ಊರಿನಲ್ಲಿ ಖರ್ಚಾಗುವುದು ಇನ್ನೂ ಕಡಿಮೆ. ತಾನಾಗಿ ಬಂದವನು ಆಟೋ ಹತ್ತುತ್ತಾನೆ, ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಾನೆ, ಅಂಗಡಿಯಲ್ಲಿ ಗೋಡಂಬಿ ಕೊಳ್ಳುತ್ತಾನೆ. ಮೊತ್ತ ಸಣ್ಣದಾದರೂ ಅದು ನೇರವಾಗಿ ಹತ್ತು ಕೈಗಳಿಗೆ ತಲುಪುತ್ತದೆ.

ನೋಡುವುದಕ್ಕೆ ನಗರದಲ್ಲಿ ಕೊರತೆಯೂ ಇಲ್ಲ. ಕದ್ರಿಯ ಲೋಕೇಶ್ವರ ವಿಗ್ರಹಕ್ಕೆ ಸಾವಿರ ವರ್ಷ ದಾಟಿದೆ. ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಚಿತ್ರಗಳನ್ನು ಬರೆದವರು ಇಟಲಿಯ ಆಂಟೋನಿಯೊ ಮೊಸ್ಕೇನಿ. ಜರ್ಮನ್ ಭಾಷಿಕ ಪ್ರವಾಸಿಗಳಿಗಂತೂ ಇದು ಒಂದು ರೀತಿಯಲ್ಲಿ ಪರಿಚಿತ ಊರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಂಡ್ ಕಿಟ್ಟೆಲ್ ಆ ನಾಡಿನವರು. ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದಲೇ ‘ಮಂಗಳೂರು ಹಂಚು’ ಹೆಸರಾಯಿತು. ಇವೆಲ್ಲ ಅವಸರದ ಬಸ್ಸಿನ ಕಿಟಕಿಯಿಂದ ಕಾಣುವಂಥವಲ್ಲ, ನಡೆದು ನೋಡಬೇಕಾದವು.

ಗೇಟಿನ ಒಳಗೆ ಕೇಂದ್ರ, ಹೊರಗೆ ರಾಜ್ಯ

ಸಾರಿಗೆಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಬಂದರಿನ ಹೊರಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್ ಕಡೆಯಿಂದ ಕೂಳೂರು, ಕೊಟ್ಟಾರ ಚೌಕಿ ಮಾರ್ಗವಾಗಿ ಸ್ಟೇಟ್‌ಬ್ಯಾಂಕಿಗೆ ಖಾಸಗಿ ಸಿಟಿ ಬಸ್ಸುಗಳು ದಿನವಿಡೀ ಓಡುತ್ತವೆ. ಆಟೋಗಳಿವೆ. ಕೆಲವು ಹಡಗುಗಳು ಬಂದಾಗ ನಗರಕ್ಕೆ ಹೋಗಿಬರುವ ಬಸ್ಸು, ಟ್ಯಾಕ್ಸಿಗಳನ್ನು ಬಂದರಿನೊಳಗೇ ಒದಗಿಸಿದ್ದೂ ಉಂಟು. ಕೊರತೆ ಇರುವುದು ಇವನ್ನು ಒಂದಕ್ಕೊಂದು ಜೋಡಿಸುವ ಕೊಂಡಿಯಲ್ಲಿ.

ಸಿಟಿ ಬಸ್ಸಿನ ಫಲಕದಲ್ಲಿರುವ ‘ಸ್ಟೇಟ್‌ಬ್ಯಾಂಕ್’ ನಗರದ ಹೃದಯಭಾಗದ ಹೆಸರೆಂದು ವಿದೇಶಿಗೆ ತಿಳಿಯುವುದು ಹೇಗೆ? ಅವನು ಅದನ್ನು ಬ್ಯಾಂಕೆಂದೇ ತಿಳಿದಾನು. ಆಟೋ ದರವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ನಿಗದಿಪಡಿಸುತ್ತದೆ. ಆದರೆ ಹಡಗಿನಿಂದ ಇಳಿದವನ ಕಣ್ಣಿಗೆ ಆ ದರ ಬೀಳದಿದ್ದರೆ ಮೀಟರಿಗೆ ಬರುವ ಪ್ರಾಮಾಣಿಕ ಚಾಲಕನ ಮೇಲೂ ಅವನಿಗೆ ಅನುಮಾನ. ಇನ್ನು ಹಣದ ಮಾತು. ಭಾರತದ ರೂಪಾಯಿ ಹೊರದೇಶಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಡಗಿನಿಂದ ಇಳಿದವನ ಜೇಬಿನಲ್ಲಿರುವುದು ಡಾಲರು, ಯೂರೋ. ಮೊಬೈಲಿನಲ್ಲಿ ಇಲ್ಲಿನ ಸಿಮ್ ಇಲ್ಲ, ಯುಪಿಐ ಇಲ್ಲ. ಹತ್ತು ಕಿಲೋಮೀಟರ್ ದಾರಿ ಅವನಿಗೆ ನೂರು ಕಿಲೋಮೀಟರಿನಂತೆ ಕಾಣುವುದು ಇಂಥ ಸಣ್ಣ ಕಾರಣಗಳಿಂದ.

ಈ ಸಣ್ಣ ಕಾರಣಗಳು ಪರಿಹಾರವಾಗದೆ ಉಳಿಯುವುದಕ್ಕೆ ಒಂದು ಆಡಳಿತಾತ್ಮಕ ಹಿನ್ನೆಲೆಯಿದೆ. ಗೇಟಿನ ಒಳಗಿನ ನೆಲ ಕೇಂದ್ರ ಸರ್ಕಾರದ ಅಧೀನದ ಬಂದರು ಪ್ರಾಧಿಕಾರದ್ದು. ವಲಸೆ ಮತ್ತು ಸುಂಕ ಇಲಾಖೆಗಳೂ ಕೇಂದ್ರದವು. ಗೇಟಿನ ಹೊರಗೆ ಬಸ್ ಪರವಾನಗಿ, ಆಟೋ ದರ, ಸಂಚಾರ ಪೊಲೀಸರು, ಪ್ರವಾಸೋದ್ಯಮ ಇಲಾಖೆ ರಾಜ್ಯದವು. ನಗರದ ಕಾಲುದಾರಿ, ಫಲಕಗಳು ಮಹಾನಗರ ಪಾಲಿಕೆಯವು. ಹೆದ್ದಾರಿ ಮತ್ತೆ ಕೇಂದ್ರದ್ದು. ಹಡಗು ಬಂದ ದಿನ ಎಲ್ಲರೂ ತಮ್ಮ ಪಾಲಿನ ಕೆಲಸ ಮಾಡಿದರೂ ಪ್ರಯಾಣಿಕನನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ.

ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರ ವೇಳೆಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ಇ-ವೀಸಾದ ಮೇಲೆ ದೇಶ ಪ್ರವೇಶಿಸಲು ಮೊದಲು ಅವಕಾಶ ಪಡೆದ ಐದು ಬಂದರುಗಳಲ್ಲಿ ಮಂಗಳೂರೂ ಒಂದು. ಹೀಗೆ ಕಾಗದದ ಮೇಲಿನ ಬಾಗಿಲು ತೆರೆದಾಗಿದೆ. ಬಾಗಿಲಿನಾಚೆಯ ದಾರಿಯೂ ಅಷ್ಟೇ ಮುಖ್ಯ.

ಬೇರೆಡೆ ಏನಾಗಿದೆ?

ಇಟಲಿಯ ಚಿವಿತಾವೆಕ್ಕಿಯಾ ಬಂದರಿನ ನಿದರ್ಶನ ಇಲ್ಲಿ ಉಪಯುಕ್ತ. ರೋಮ್ ನೋಡಲು ಬರುವ ಹಡಗುಗಳು ನಿಲ್ಲುವುದು ಅಲ್ಲಿ. ರೋಮ್ ಅಲ್ಲಿಂದ ಸುಮಾರು 70 ಕಿಲೋಮೀಟರ್. ಪಣಂಬೂರು-ಹಂಪನಕಟ್ಟೆ ನಡುವಿನ ಅಂತರದ ಏಳು ಪಟ್ಟು. ಆ ಬಂದರಿನೊಳಗೂ ಸರಕಿನ ಓಡಾಟವಿದೆ. ಆದರೆ ಹಡಗಿನ ಬಳಿಯಿಂದ ಬಂದರಿನ ಅಂಚಿನಲ್ಲಿರುವ ಮಾಹಿತಿ ಕೇಂದ್ರಕ್ಕೆ ಉಚಿತ ಬಸ್ಸಿದೆ. ಅಲ್ಲಿಂದ ರೈಲು ನಿಲ್ದಾಣಕ್ಕೆ ಇನ್ನೊಂದು ಬಸ್ಸು. ನಿಲ್ದಾಣದಿಂದ ರೋಮ್‌ಗೆ ಸಾಮಾನ್ಯ ರೈಲು. ಮೂರು ವಾಹನ ಬದಲಿಸಬೇಕಾದರೂ ಜನ ಧೈರ್ಯದಿಂದ ಹೊರಡುತ್ತಾರೆ. ಒಂದು ವಾಹನ ಬಿಟ್ಟಲ್ಲಿ ಮುಂದಿನದು ಸಿಗುತ್ತದೆ ಎಂಬ ಭರವಸೆಯೇ ಅದಕ್ಕೆ ಕಾರಣ.

ನೆರೆಯ ಕೊಚ್ಚಿಗೆ ಭೂಗೋಳವೇ ಅನುಕೂಲ. ಹಡಗುಗಳು ನಗರದ ನಡುವಿನ ವಿಲಿಂಗ್ಡನ್ ದ್ವೀಪದಲ್ಲೇ ನಿಲ್ಲುತ್ತವೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಜಲ ಮೆಟ್ರೋ 2025ರಲ್ಲಿ ಆ ದ್ವೀಪವನ್ನೂ ಮುಟ್ಟಿತು. ಊರಿನ ಜನರಿಗಾಗಿ ಮಾಡಿದ ಸಾರಿಗೆ ಪ್ರವಾಸಿಗೂ ಒದಗಿತು.

ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಹಡಗುಗಳ ದಾಳಿಗೆ ಬೇಸತ್ತು ಇಟಲಿ ಸರ್ಕಾರ 2021ರ ಆಗಸ್ಟ್‌ನಿಂದ ವೆನಿಸ್‌ನ ಮುಖ್ಯ ಕಾಲುವೆಗೆ ದೊಡ್ಡ ಹಡಗುಗಳ ಪ್ರವೇಶ ನಿಷೇಧಿಸಿತು. ಬಾರ್ಸಿಲೋನ ತನ್ನ ಕ್ರೂಸ್ ಟರ್ಮಿನಲ್‌ಗಳ ಸಂಖ್ಯೆ ಇಳಿಸಲು 2025ರಲ್ಲಿ ನಿರ್ಧರಿಸಿತು. ಮಂಗಳೂರಿನ ಸಮಸ್ಯೆ ಅದಲ್ಲ. ಇಲ್ಲಿಗೆ ಬರುವ ಹಡಗುಗಳು ಕಡಿಮೆ. ಬಂದವರೂ ಊರಿಗೆ ಸರಿಯಾಗಿ ತಲುಪುವುದಿಲ್ಲ ಎಂಬುದು ಇಲ್ಲಿನ ಚಿಂತೆ.

ಹಡಗಿನ ಕೆಲಸಗಾರರು

ಋತುವಿಗೆ ಕೆಲವೇ ಹಡಗುಗಳು, ಒಂದೊಂದರಲ್ಲಿ ಕೆಲವು ನೂರು ಪ್ರಯಾಣಿಕರು. ಇಷ್ಟಕ್ಕಾಗಿ ಪ್ರತ್ಯೇಕ ವ್ಯವಸ್ಥೆ ಬೇಕೇ ಎಂಬ ಆಕ್ಷೇಪ ಸಹಜ. ಆದರೆ ಈ ಲೆಕ್ಕದಲ್ಲಿ ಒಂದು ವರ್ಗ ಬಿಟ್ಟುಹೋಗಿದೆ. ಹಡಗಿನ ಅಡುಗೆಯವರು, ಪರಿಚಾರಕರು, ಯಂತ್ರಕೋಣೆಯ ಕೆಲಸಗಾರರು ಪ್ಯಾಕೇಜ್ ಕೊಳ್ಳುವವರಲ್ಲ. ಐಷಾರಾಮಿ ಹಡಗುಗಳಲ್ಲಿ ಅವರ ಸಂಖ್ಯೆ ಕೆಲವೊಮ್ಮೆ ಪ್ರಯಾಣಿಕರನ್ನೂ ಮೀರುವುದುಂಟು. ಸಿಕ್ಕ ಮೂರು ನಾಲ್ಕು ಗಂಟೆಯ ಬಿಡುವಿನಲ್ಲಿ ಮನೆಗೆ ಫೋನು ಮಾಡಬೇಕು, ಔಷಧಿ, ಸೋಪು ಕೊಳ್ಳಬೇಕು, ನೆಲದ ಮೇಲೆ ಒಂದು ಊಟ ಮಾಡಬೇಕು. ದಕ್ಷಿಣ ಕನ್ನಡ, ಉಡುಪಿಯ ಅನೇಕ ಯುವಕರು ಇಂಥದೇ ಕೆಲಸದಲ್ಲಿ ಜಗತ್ತಿನ ಬಂದರುಗಳನ್ನು ಸುತ್ತುತ್ತಿದ್ದಾರೆ. ಬಂದರಿನ ಗೇಟಿನಲ್ಲಿ ಒಂದು ಬಸ್ಸು ಸಿಗುವುದೆಂದರೆ ಏನೆಂದು ಕರಾವಳಿಯ ಮನೆಗಳಿಗೆ ವಿವರಿಸಬೇಕಾಗಿಲ್ಲ. ಸರಕು ಹಡಗುಗಳ ನಾವಿಕರಂತೂ ವರ್ಷದುದ್ದಕ್ಕೂ ಬರುತ್ತಿರುತ್ತಾರೆ.

ಬೇಕಾದುದು ದೊಡ್ಡ ಕಟ್ಟಡವೂ ಅಲ್ಲ, ಕೋಟಿಗಟ್ಟಲೆ ಹಣವೂ ಅಲ್ಲ. ಕ್ರೂಸ್ ಹಡಗುಗಳ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಹಡಗು ಬರುವ ದಿನಗಳನ್ನು ಋತುವಿನ ಆರಂಭದಲ್ಲೇ ಪ್ರಕಟಿಸಿದರೆ ಬಸ್ ಮಾಲೀಕರು, ಆಟೋ ಚಾಲಕರು, ವರ್ತಕರು ಸಿದ್ಧರಾಗಬಹುದು. ಆ ದಿನಗಳಲ್ಲಿ ದಕ್ಕೆಯಿಂದ ನಗರದ ನಿಗದಿತ ಸ್ಥಳಕ್ಕೆ ಅರ್ಧ ತಾಸಿಗೊಂದು ಬಸ್ಸು ಓಡಬೇಕು. ಕೊನೆಯ ಬಸ್ಸು ಮರಳುವ ವೇಳೆಯನ್ನು ಹಡಗಿನಲ್ಲೇ ತಿಳಿಸಬೇಕು. ಗೇಟಿನ ಹೊರಗೆ ಮುಂಗಡ ದರದ ಆಟೋ-ಟ್ಯಾಕ್ಸಿ ಕೇಂದ್ರ, ಇಂಗ್ಲಿಷಿನಲ್ಲೂ ದರಪಟ್ಟಿ, ನೋಟು ಬದಲಿಸುವ ಕಿಟಕಿ, ಒಂದು ಹಾಳೆಯ ನಕ್ಷೆ ಇರಬೇಕು. ಸಂಜೆ ಹಡಗು ಹೊರಡುವ ಮುನ್ನ ಕೂಳೂರಿನಲ್ಲಿ ಸಂಚಾರ ಪೊಲೀಸರ ವಿಶೇಷ ನಿಗಾ ಬೇಕು.

ಇವೆಲ್ಲವನ್ನೂ ಸೇರಿಸಿ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ಹೆಸರಿಸುವುದು ಮೊದಲ ಕೆಲಸ. ಬಂದರು ಪ್ರಾಧಿಕಾರವೂ ಜಿಲ್ಲಾಡಳಿತವೂ ಒಂದು ಮೇಜಿನ ಎದುರು ಕುಳಿತರೆ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ವಿಷಯವಿದು. ಅಲ್ಲಿಯವರೆಗೆ ಚೆಂಡೆಯ ಸ್ವಾಗತ ದಕ್ಕೆಯಲ್ಲೇ ಮುಗಿಯುತ್ತದೆ. ಅದರ ಸದ್ದು ಹಂಪನಕಟ್ಟೆಯ ಅಂಗಡಿಗಳಿಗೆ ಕೇಳಿಸುವುದಿಲ್ಲ.