ಇಟ್ಟ ಹೆಜ್ಜೆ ಹಿಂದಿಡಬಾರದೇ?

ಇಟ್ಟ ಹೆಜ್ಜೆಯನ್ನು ಹಿಂದಿಡಬಾರದೆಂದು ಹಿರಿಯರು ಹೇಳುತ್ತಾರೆ. ಶಾಲೆಯ ಗೋಡೆಯ ಮೇಲೆ, ಬಹುಮಾನ ವಿತರಣೆಯ ಭಾಷಣಗಳಲ್ಲಿ, ಪರೀಕ್ಷೆಗೆ ಮುಂಚಿನ ಬುದ್ಧಿವಾದದಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಓದಿನ ವಿಷಯದಲ್ಲಿ ಇದು ನನಗೆ ಉಪಕಾರವನ್ನೇ ಮಾಡಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೆ ಇದೇ ಮಾತನ್ನು ಹೊಳೆಯ ದಡಕ್ಕೆ ಕೊಂಡೊಯ್ದರೆ ಏನಾಗುತ್ತದೆ ಎಂಬುದನ್ನು ೨೦೨೪ರ ಜುಲೈ ತಿಂಗಳಲ್ಲಿ ಕಣ್ಣಾರೆ ಕಂಡೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿರುವ ಕೆಲವು ವಿಚಾರಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ನಾಲ್ವರು ಗೆಳೆಯರು. ಒಬ್ಬ ವೈಟ್‌ಫೀಲ್ಡಿನವನು, ಸಂಜೆಯ ಹೊತ್ತು ಮನೆಮನೆಗೆ ಊಟ ತಲುಪಿಸುತ್ತಾನೆ. ಇನ್ನೊಬ್ಬ ಎಲೆಕ್ಟ್ರಾನಿಕ್ ಸಿಟಿಯವನು. ರಾತ್ರಿ ಕಾವಲಿನ ಕೆಲಸ. ನಾನು ಪೀಣ್ಯದವನು, ಶನಿವಾರ ಭಾನುವಾರಗಳಲ್ಲಿ ಒಂದು ಷೆಡ್ಡಿನಲ್ಲಿ ಬಿಡಿಭಾಗಗಳನ್ನು ಪೆಟ್ಟಿಗೆಗೆ ತುಂಬುತ್ತೇನೆ. ನಾಲ್ಕನೆಯವನು ತಿರುಮಕೂಡಲು ನರಸೀಪುರದ ಕಡೆಯವನು; ಹಾಸ್ಟೆಲಿನಲ್ಲಿದ್ದಾನೆ. ಅವನ ಸೋದರಮಾವ ಕಾವೇರಿಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರು. ಕಪಿಲೆಯು ಕಾವೇರಿಯನ್ನು ಕೂಡುವ ಸಂಗಮದಿಂದ ಕೆಳಗೆ ತಲಕಾಡಿನ ದಿಕ್ಕಿಗೆ ಎರಡು ದಿನ ಹರಿಗೋಲಿನಲ್ಲಿ ಹೋಗುವುದು, ನಡುವೆ ಒಂದು ಮರಳುದಿಣ್ಣೆಯ ಮೇಲೆ ಅಡುಗೆ ಮಾಡಿ ರಾತ್ರಿ ಮಲಗುವುದು, ಇದು ನಮ್ಮ ಯೋಜನೆ. ಆರು ತಿಂಗಳು ಅದನ್ನೇ ಮಾತನಾಡಿದೆವು. ತಲಾ ಆರುನೂರು ರೂಪಾಯಿ ಕೂಡಿಸಿದೆವು. ಹಣಕ್ಕಿಂತ ಕಷ್ಟವಾದದ್ದು ರಜೆ. ನಾಲ್ವರಿಗೂ ಒಟ್ಟಿಗೆ ಬಿಡುವು ದೊರೆತದ್ದು ಜುಲೈ ೨೭ ಮತ್ತು ೨೮, ಶನಿವಾರ ಮತ್ತು ಭಾನುವಾರ. ಕಾವಲಿನ ಗೆಳೆಯನಿಗೆ ಎರಡು ದಿನದ ಕೂಲಿಯೂ ಹೋಯಿತು.

ಮಳೆಗಾಲದಲ್ಲಿ ಹೊಳೆಗೆ ಹೊರಟ ಬುದ್ಧಿವಂತರು ಯಾರಪ್ಪಾ ಎಂದು ಓದುಗರು ನಗಬಹುದು. ನಗಬೇಕಾದ್ದೇ. ನಮ್ಮ ತಲೆಯ ಮೇಲಿದ್ದದ್ದು ಬೆಂಗಳೂರಿನ ತೆಳುಮೋಡ. ಪೀಣ್ಯದ ಬೀದಿಯಲ್ಲಿ ಕೊಡೆ ಬಿಚ್ಚುವಷ್ಟು ಮಳೆಯಿರಲಿಲ್ಲ. ಮಳೆಯಿಲ್ಲದ ಮೇಲೆ ಹೊಳೆಗೇನು ಎಂದುಕೊಂಡೆವು. ಹೊಳೆಯ ನೀರು ನಮ್ಮ ಆಕಾಶದ್ದಲ್ಲ, ಕಪಿಲೆಯದು ವಯನಾಡಿನ ಬೆಟ್ಟಗಳದ್ದು, ಕಾವೇರಿಯದು ಕೊಡಗಿನದ್ದು ಎಂಬ ಭೂಗೋಳದ ಪಾಠವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆನೇ ಹೊರತು ಅದನ್ನು ನಂಬಿರಲಿಲ್ಲವೆಂದು ತೋರುತ್ತದೆ. ಆ ವಾರ ಕನ್ನಂಬಾಡಿಯೂ ತುಂಬಿತ್ತು, ಕಬಿನಿಯೂ ತುಂಬಿತ್ತು. ಕನ್ನಂಬಾಡಿಯ ಪೂರ್ಣಮಟ್ಟ ೧೨೪.೮೦ ಅಡಿ, ಕಬಿನಿಯದು ಸಮುದ್ರಮಟ್ಟದಿಂದ ೨,೨೮೪ ಅಡಿ. ಅಷ್ಟು ತುಂಬಿದ ಮೇಲೆ ಅಣೆಕಟ್ಟೆಯು ತುಂಬಿದ ಕೊಡವಿದ್ದಂತೆ. ಮೇಲಿನಿಂದ ಎಷ್ಟು ಬರುವುದೋ ಅಷ್ಟನ್ನೂ ಕೆಳಕ್ಕೆ ಬಿಡಲೇಬೇಕು. ನದೀತೀರದ ಜನರು ಎಚ್ಚರಿಕೆಯಿಂದಿರಬೇಕೆಂಬ ಪ್ರಕಟಣೆಯನ್ನು ಶುಕ್ರವಾರ ನಾನೂ ಓದಿದೆ. ನಾನು ನದೀತೀರದವನಲ್ಲವಲ್ಲ, ಅದು ಬೇರೆಯವರಿಗೆ ಹೇಳಿದ್ದೆಂದು ಪುಟ ತಿರುಗಿಸಿದೆ. ಮರುದಿನ ಬೆಳಗ್ಗೆ ನದೀತೀರಕ್ಕೇ ಹೋಗಿ ನಿಲ್ಲುವವನು ನಾನೇ ಎಂಬುದು ಹೊಳೆಯಲಿಲ್ಲ!

ಮೈಸೂರಿನ ಮೇಲೆ ಹಾದು ನರಸೀಪುರ ಸೇರಿದಾಗ ಹತ್ತು ಗಂಟೆ. ಮಾವನವರ ಹಟ್ಟಿಯಲ್ಲಿ ಹರಿಗೋಲು ಬೋರಲು ಮಲಗಿತ್ತು. ಅವರು ಏನನ್ನೂ ಹೇಳದೆ ನಮ್ಮನ್ನು ದಡಕ್ಕೆ ಕರೆದೊಯ್ದರು. ನಾವು ಮಲಗಬೇಕೆಂದಿದ್ದ ಮರಳುದಿಣ್ಣೆ ಎಲ್ಲಿ ಎಂದು ಕೇಳಿದೆವು. ಕೆಂಪು ನೀರಿನ ನಡುವೆ ಅಲುಗಾಡುತ್ತಿದ್ದ ಎರಡು ಪೊದೆಗಳ ತಲೆಗಳನ್ನು ತೋರಿಸಿದರು. ಒಂದು ಕಡ್ಡಿಯನ್ನು ಮುರಿದು ಎಸೆದರು. ನಾವು ಕಣ್ಣು ಹೊರಳಿಸುವಷ್ಟರಲ್ಲಿ ಅದು ಹೋಗಿಬಿಟ್ಟಿತ್ತು. “ಇವತ್ತು ಹೊಳೆ ನನ್ನ ಮಾತು ಕೇಳಾಕಿಲ್ಲ” ಎಂದರು. ಅಷ್ಟೇ.

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯದಿದ್ದರೆ ಲೇಖನವು ಅಪ್ರಾಮಾಣಿಕವಾಗುತ್ತದೆ. “ಸ್ವಲ್ಪ ದೂರವಾದರೂ ಹೋಗೋಣ, ಬೇಕಾದರೆ ಇನ್ನೂ ಹಣ ಕೊಡುತ್ತೇವೆ” ಎಂದೆ. ಅವರು ನಮ್ಮಿಂದ ಒಂದು ಕಾಸನ್ನೂ ಕೇಳಿದವರಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ ಮನೆಯ ಕಡೆ ನಡೆದರು. ಆ ನೋಟದ ಮುಂದೆ ನನ್ನ ವಿದ್ಯೆಯೆಲ್ಲ ಬಹಳ ಅಗ್ಗವಾಗಿ ಕಂಡಿತು.

ನಾನು ಹಾಗೇಕೆ ಅಂದೆ? ಇದನ್ನು ಅನೇಕ ಸಲ ಯೋಚಿಸಿದ್ದೇನೆ. ಧೈರ್ಯದಿಂದ ಅಲ್ಲ. ಈ ಎರಡು ದಿನ ಕಳೆದರೆ ಇನ್ನೊಂದು ಎರಡು ದಿನ ಎಂದು ಬರುವುದೋ ಎಂಬ ಭಯದಿಂದ. ಬೇಕೆಂದಾಗ ರಜೆ ಪಡೆಯಬಲ್ಲವನಿಗೆ ಹಿಂದಿರುಗುವುದು ಸುಲಭ. ಮುಂದಿನ ವಾರ ಬಂದರಾಯಿತು. ಬೇಡಿ ಪಡೆದ ರಜೆಯವನಿಗೆ, ಕೂಲಿ ಬಿಟ್ಟು ಬಂದವನಿಗೆ ಹೊಳೆಯ ಅಪಾಯಕ್ಕಿಂತ ರಜೆಯ ನಷ್ಟ ದೊಡ್ಡದಾಗಿ ಕಾಣುತ್ತದೆ. ತುಂಬಿದ ಹೊಳೆಗೆ ಇಳಿಯುವವರನ್ನು ಅವಿವೇಕಿಗಳೆಂದು ಬಯ್ಯುವುದು ಸುಲಭ. ಅವರಲ್ಲಿ ಎಷ್ಟು ಮಂದಿ ವರ್ಷಕ್ಕೊಂದೇ ಬಿಡುವು ಕಂಡವರೋ ಯಾರು ಬಲ್ಲರು? ಹಾಗೆಂದು ಹೊಳೆಯು ನಮ್ಮ ರಜೆಯ ಚೀಟಿಯನ್ನು ನೋಡುವುದಿಲ್ಲ. ಆದುದರಿಂದಲೇ ನನ್ನ ಅಭಿಪ್ರಾಯವಿದು: ಯಾರಿಗೆ ಹಿಂದಿರುಗುವುದು ಹೆಚ್ಚು ಕಷ್ಟವೋ ಅವರು ಹಿಂದಿರುಗುವ ದಾರಿಯನ್ನು ಮನೆಯಲ್ಲಿಯೇ, ಹೊರಡುವ ಮುನ್ನವೇ ಹಾಕಿಕೊಳ್ಳಬೇಕು. ದಡದ ಮೇಲೆ ನಿಂತಾಗ ಬುದ್ಧಿಯು ಆಸೆಯ ಕೈಯಲ್ಲಿರುತ್ತದೆ.

ನಮ್ಮನ್ನು ಉಳಿಸಿದ್ದು ಕಾವಲಿನ ಗೆಳೆಯನ ಒಂದು ಪ್ರಶ್ನೆ. ಜಗಲಿಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದಾಗ ಅವನು, “ನಾವು ಬಂದದ್ದು ಯಾತಕ್ಕೆ, ಒಂದೊಂದಾಗಿ ಹೇಳಿ” ಎಂದ. ಹರಿಗೋಲು ನಡೆಸಲು ಕಲಿಯುವುದು, ನೀರಿನ ಮೇಲಿರುವುದು, ಕೈಯಾರೆ ಬೇಯಿಸಿಕೊಂಡು ತಿನ್ನುವುದು, ನಗರದ ದೀಪವಿಲ್ಲದ ಕಡೆ ಒಂದು ರಾತ್ರಿ ಮಲಗುವುದು, ನಾಲ್ವರೂ ಒಟ್ಟಿಗಿರುವುದು. ಪಟ್ಟಿ ಮುಗಿಯಿತು. ಇವುಗಳಲ್ಲಿ ಯಾವುದಕ್ಕೆ ಕಾವೇರಿಯೇ ಬೇಕು? ಯಾವುದಕ್ಕೂ ಬೇಡ! ಮಾವನವರು ಒಳಗಿನಿಂದಲೇ ಕೇಳಿಸಿಕೊಂಡು, ಹೊಳೆಯಿಂದ ದೂರದಲ್ಲಿ ಒಂದು ಕೆರೆಯಿದೆ ಎಂದರು. ಗೂಡ್ಸ್ ಆಟೋದ ಮೇಲೆ ಹರಿಗೋಲು ಬೋರಲಾಗಿ ಹೊರಟಿತು.

ಹರಿಗೋಲನ್ನು ನಡೆಸಿ ನೋಡದವರು ಅದನ್ನು ಮಕ್ಕಳಾಟವೆಂದು ತಿಳಿಯುತ್ತಾರೆ. ಸೀಳಿದ ಬಿದಿರಿನ ಬುಟ್ಟಿ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ಇಂಥವೇ ದುಂಡನೆಯ ದೋಣಿಗಳನ್ನು ಕಂಡು, ಹದಿನೈದು ಇಪ್ಪತ್ತು ಜನರನ್ನೂ ಕುದುರೆ ಎತ್ತುಗಳನ್ನೂ ಅವು ದಾಟಿಸುತ್ತವೆಂದು ಬರೆದಿದ್ದಾನೆ. ಇದಕ್ಕೆ ಮುಂದು ಹಿಂದು ಎಂಬುದೇ ಇಲ್ಲ. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಎದುರಿಗೆ ಹುಟ್ಟು ಚಾಚಿ, ಎಡಕ್ಕೂ ಬಲಕ್ಕೂ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಹೋಗಬೇಕು. ಸೊಂಟ ಮುಳುಗುವ ಕೆರೆನೀರಿನಲ್ಲಿ, ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು, ನಾನು ಒಂದು ಗಂಟೆಯ ಕಾಲ ಬರಿದೆ ಸುತ್ತಿದೆ. ನಿಂತ ನೀರಿನಲ್ಲಿ ಇಷ್ಟು ಸುತ್ತುವ ಮನುಷ್ಯ ಆ ಕೆಂಪು ನೀರಿನಲ್ಲಿ ಏನು ಮಾಡುತ್ತಿದ್ದನೆಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೇ ಕೇಳಿಕೊಂಡೆ. ರಾತ್ರಿ ತುಂತುರು ಬಂದುದರಿಂದ ಕೆರೆಯ ಏರಿಯನ್ನು ಬಿಟ್ಟು ಮಾವನವರ ಜಗಲಿಯಲ್ಲಿ ಮಲಗಿದೆವು. ಮನೆಗಳಿಗೆ ಫೋನು ಮಾಡಿ ಜಾಗ ಬದಲಾದುದನ್ನು ತಿಳಿಸಿದೆವು. ಭಾನುವಾರ ಸಂಜೆಗೆ ಬೆಂಗಳೂರು ಸೇರಿ, ಸೋಮವಾರದ ಪಾಳಿಗೆ ಯಾರೂ ತಪ್ಪಲಿಲ್ಲ.

ಆ ತಿಂಗಳ ಕೊನೆಯ ಹೊತ್ತಿಗೆ ಕನ್ನಂಬಾಡಿಯೊಂದರಿಂದಲೇ ೧ ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿ ನೀರು ಬಿಟ್ಟರು. ಹೊಗೇನಕಲ್ಲಿನಲ್ಲಿ ಹರಿಗೋಲುಗಳನ್ನು ನಿಷೇಧಿಸಿದರು. ೧ ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು ೨೮ ಲಕ್ಷ ಲೀಟರು. ಆಗ ಬೆಂಗಳೂರಿಗೆ ದಿನವೊಂದಕ್ಕೆ ಬರುತ್ತಿದ್ದ ಕಾವೇರಿ ನೀರು ಸುಮಾರು ೧೪೫ ಕೋಟಿ ಲೀಟರು. ಅಷ್ಟು ನೀರು ಆ ಹೊಳೆಯಲ್ಲಿ ಒಂಬತ್ತು ನಿಮಿಷದೊಳಗೆ ಹರಿದುಹೋಗುತ್ತಿತ್ತು. ಜುಲೈ ೩೦ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿಯ ನೀರು ಕಪಿಲೆಗೆ ಬರುವುದಲ್ಲ, ಚಾಲಿಯಾರ್ ಹೊಳೆಯಾಗಿ ಪಶ್ಚಿಮಕ್ಕೆ ಹರಿಯುತ್ತದೆ. ಆದರೆ ಸುರಿದದ್ದು ಅದೇ ಬೆಟ್ಟಸಾಲಿನ ಮಳೆ. ಆ ದುಃಖದ ಪಕ್ಕದಲ್ಲಿ ನಮ್ಮ ಪ್ರವಾಸ ಕೆಟ್ಟ ಕಥೆಯನ್ನು ಹೇಳಲು ನಾಚಿಕೆಯಾಗುತ್ತದೆ. ನಾವು ಶಪಿಸಿದ ಮಳೆ ಯಾವುದೆಂಬುದು ನಮಗೆ ತಿಳಿದದ್ದೇ ಆಗ.

ಯೌವನಕ್ಕೆ ಸಾಹಸವೇ ಬೇಡವೇ ಎಂದು ಕೆಲವರು ಕೇಳಬಹುದು. ಕೆನಡಾ ದೇಶದಲ್ಲಿ ಉಣ್ಣೆದೊಗಲಿನ ವ್ಯಾಪಾರಕ್ಕಾಗಿ ಸಾವಿರಾರು ಮೈಲಿ ದೋಣಿ ನಡೆಸುತ್ತಿದ್ದ ಅಂಬಿಗರನ್ನು ಹೇಡಿಗಳೆಂದು ಯಾರೂ ಹೇಳರು. ಅವರು ಅಪಾಯದ ಹರಿವು ಕಂಡಲ್ಲಿ ದಡಕ್ಕೆ ಬಂದು, ದೋಣಿಯನ್ನು ಹೆಗಲಿಗೇರಿಸಿ, ತಲಾ ತೊಂಬತ್ತು ಪೌಂಡಿನ ಎರಡೆರಡು ಮೂಟೆ ಹೊತ್ತು ನೆಲದ ಮೇಲೆ ನಡೆದುಬಿಡುತ್ತಿದ್ದರು. ನಮ್ಮ ಅಂಬಿಗರೂ ಹಾಗೆಯೇ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡದಲ್ಲಿ ನಡೆಯುವವರೇ. ಸಾಹಸವೆಂದರೆ ನೀರನ್ನು ಎಂದೂ ಬಿಡದಿರುವುದಲ್ಲ.

ಆದರೆ ಯೋಜನೆ ಬದಲಿಸುವುದೆಲ್ಲ ವಿವೇಕವೆಂದೂ ನಾನು ಹೇಳುವುದಿಲ್ಲ. ೧೮೬೯ರಲ್ಲಿ ಅಮೆರಿಕದ ಪವೆಲ್ ಎಂಬಾತನು ಕೊಲೊರಾಡೊ ನದಿಯ ಮಹಾಕಂದರದಲ್ಲಿ ದೋಣಿ ನಡೆಸಿದಾಗ, ಆಗಸ್ಟ್ ೨೮ರಂದು ಮೂವರು ಸಂಗಡಿಗರು ಮುಂದಿನ ಹರಿವಿಗೆ ಅಂಜಿ ಕಾಲುನಡಿಗೆಯಲ್ಲಿ ಹೊರಟುಹೋದರು. ದೋಣಿಯಲ್ಲಿ ಉಳಿದವರು ಎರಡೇ ದಿನಗಳಲ್ಲಿ ಕಂದರದಿಂದ ಪಾರಾದರು. ನಡೆದುಹೋದ ಮೂವರು ಬದುಕಿ ಬರಲಿಲ್ಲ. ದಣಿದು, ಹಸಿದು, ತಿಳಿಯದ ನೆಲದ ಕಡೆಗೆ ಮಾಡಿದ ಬದಲಾವಣೆ ಮೊದಲಿನ ಯೋಜನೆಗಿಂತ ಹೆಚ್ಚು ಅಪಾಯಕಾರಿ. ಎರಡನೆಯ ದಾರಿಯೂ ಬಲ್ಲವರು ಬಲ್ಲ ದಾರಿಯಾಗಿರಬೇಕು. ನಮಗೆ ಕೆರೆಯನ್ನು ತೋರಿಸಿದವರು ಆ ಕೆರೆಯ ಆಳವನ್ನು ಬಲ್ಲವರಾಗಿದ್ದರು.

ವೈಟ್‌ಫೀಲ್ಡಿನ ಗೆಳೆಯನು ಬಸ್ಸಿನಲ್ಲಿ ಹಿಂದಿರುಗುವಾಗ ೨೦೨೨ರ ಸೆಪ್ಟೆಂಬರನ್ನು ನೆನೆದ. ಆಗ ಬೆಳ್ಳಂದೂರು, ಮಹದೇವಪುರದ ಕಡೆ ಲಕ್ಷಾಂತರ ಸಂಬಳದವರನ್ನು ಮನೆಗಳಿಂದ ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರೊಯ್ಯುವ ರಾಜಕಾಲುವೆಗಳ ಮೇಲೆ ನಕ್ಷೆ ಬರೆದು ಮನೆ ಕಟ್ಟಿದರು. ನೀರು ನಕ್ಷೆಯನ್ನು ಓದದೆ ತನ್ನ ಹಳೆಯ ದಾರಿಯಲ್ಲಿಯೇ ಬಂದಿತು. ಬರೆದಿಟ್ಟ ಯೋಜನೆಗೆ ನೀರು ಒಪ್ಪಿದೆಯೇ ಎಂದು ಕೇಳದಿರುವ ದೋಷವು ನಾಲ್ವರು ಹುಡುಗರದು ಮಾತ್ರವಲ್ಲ, ದೊಡ್ಡ ನಗರದ್ದೂ ಹೌದು.

ಇನ್ನು ಪ್ರವಾಸ ಹೊರಡುವ ಸಹಪಾಠಿಗಳಿಗೆ ನನ್ನ ಸೂಚನೆಗಳು ಕೆಲವೇ. ಏನನ್ನು ಕಂಡರೆ ಹಿಂದಿರುಗುವುದೆಂಬುದನ್ನು ಹೊರಡುವ ಮುನ್ನ ಕಾಗದದ ಮೇಲೆ ಬರೆದು ಎಲ್ಲರೂ ಒಪ್ಪಿರಬೇಕು. ಎರಡನೆಯ ಯೋಜನೆಯು ದಂಡದಂತಿರದೆ, ಅದೂ ಸಂತೋಷಪಡುವಂಥದಾಗಿರಬೇಕು. ಆಕಾಶವನ್ನಲ್ಲ, ಹೊಳೆ ಹುಟ್ಟುವ ಸೀಮೆಯ ಮಳೆಯನ್ನೂ ಅಣೆಕಟ್ಟೆಯ ಮಟ್ಟವನ್ನೂ ವಿಚಾರಿಸಬೇಕು. ಕೊನೆಯ ಮಾತು ಅಂಬಿಗನದು. ಅವನೊಡನೆ ಚೌಕಾಸಿ ಸಲ್ಲದು. ಮತ್ತು ಹಣ ಪಡೆದು ಪ್ರವಾಸ ಏರ್ಪಡಿಸುವವರು ಹೊಳೆ ಏರಿದಾಗ ಮುಂಗಡವನ್ನು ಹಿಂದಿರುಗಿಸಬೇಕು. ಹಣ ಹೋಗುವ ಭಯವೇ ಅನೇಕರನ್ನು ನೀರಿಗಿಳಿಸುತ್ತದೆ.

೨೦೨೫ರ ಜನವರಿಯಲ್ಲಿ, ಹೊಳೆ ಇಳಿದು ಮರಳುದಿಣ್ಣೆ ಮತ್ತೆ ಕಾಣಿಸಿಕೊಂಡಾಗ, ಮಾವನವರೇ ಹೇಳಿಕಳುಹಿಸಿ ನಮ್ಮನ್ನು ಕರೆದೊಯ್ದರು. ನೀರು ತಿಳಿಯಾಗಿತ್ತು, ಹುಟ್ಟು ನನ್ನ ಕೈಮಾತು ಕೇಳಿತು. ಆದರೆ ಹೋದವರು ಮೂವರು ಮಾತ್ರ. ಕಾವಲಿನ ಗೆಳೆಯನಿಗೆ ರಜೆ ದೊರೆಯಲಿಲ್ಲ. ಕಾದರೆ ಎಲ್ಲವೂ ಮತ್ತೆ ಸಿಗುತ್ತದೆಂದು ನಾನು ಹೇಳಲಾರೆ. ಅವನಿಗೆ ಸಿಕ್ಕಿದ್ದು ಆ ಕೆರೆಯ ಒಂದು ದಿನ. ಅದು ಚೆನ್ನಾಗಿಯೇ ಇತ್ತೆಂದು ಅವನು ಈಗಲೂ ಹೇಳುತ್ತಾನೆ.