ಬಾಯಾರಿಕೆ ತಡ್ಕೊಂಡು ನಾಡಿ ಶುದ್ಧಿ ಮಾಡಿಸ್ತೀರಾ?

ಅಕ್ಕಂದಿರೇ, ಚಿಗವ್ವಂದಿರೇ, ಇವತ್ತು ಸ್ವಲ್ಪ ಜಗಳಕ್ಕೇ ಕೂತಿದೀನಿ. ಬೇಜಾರು ಮಾಡ್ಕೋಬೇಡಿ.

ಈಗ ನಮ್ಮ ಹೆಂಗಸರ ಫೋನ್ ತುಂಬ ಒಂದೇ ಮಾತು. ಸುಸ್ತಾ? ನಾಡಿ ಕಟ್ಕೊಂಡೈತೆ. ಸೊಂಟ ನೋವಾ? ಶಕ್ತಿ ಹರೀತಿಲ್ಲ. ನಿದ್ದೆ ಬರಲ್ವಾ? ಇಡಾ ಪಿಂಗಳಾ ಸಮ ಇಲ್ಲ. ಇಷ್ಟು ದಿನದ ಕೋರ್ಸು, ಇಷ್ಟು ಬಾಟ್ಲಿ ಎಣ್ಣೆ, ಇಷ್ಟು ಸಾವಿರ ರೂಪಾಯಿ. ಎಲ್ಲಕ್ಕೂ ಆಯುರ್ವೇದ ಅಂತ ಹೆಸರು. ಹೆಸರು ಹೇಳೋರು ಆಯುರ್ವೇದದಲ್ಲಿ ಏನೈತೆ ಅನ್ನೋದನ್ನೂ ಹೇಳ್ಬೇಕಲ್ವಾ?

ಇಡಾ, ಪಿಂಗಳಾ, ಸುಷುಮ್ನಾ ಅನ್ನೋದು ಯೋಗದೋರ ಲೆಕ್ಕ. ಚರಕ ಸಂಹಿತೆ ಹೇಳೋದು ಸ್ರೋತಸ್ಸು, ಅಂದ್ರೆ ಮೈಯೊಳಗೆ ಹರಿಯೋ ದಾರಿ, ತೋಟಕ್ಕೆ ಕಾಲುವೆ ಇದ್ದಂಗೆ. ಅದರ ವಿಮಾನಸ್ಥಾನದ 5ನೇ ಅಧ್ಯಾಯದಲ್ಲಿ ಅಂಥವು 13 ಅವೆ: ಉಸಿರು, ನೀರು, ಅನ್ನ, ರಸ ರಕ್ತ ಮೊದಲಾದ ಏಳು ಧಾತು, ಆಮೇಲೆ ಮೂತ್ರ, ಮಲ, ಬೆವರು. ಅವು ಯಾಕೆ ಕೆಡ್ತವೆ ಅಂತಲೂ ಅಲ್ಲೇ ಐತೆ. ನೀರಿನ ದಾರಿ ಕೆಡೋದು ತಾಪದಿಂದ, ಭಯದಿಂದ, ತೀರಾ ಒಣ ಊಟದಿಂದ, ಬಾಯಾರಿಕೆ ತಡ್ಕೊಳ್ಳೋದರಿಂದ. ಅನ್ನದ್ದು ಹೊತ್ತಲ್ಲದ ಹೊತ್ತಲ್ಲಿ ಉಣ್ಣೋದರಿಂದ. ಮೂತ್ರದ್ದು, ಬಂದಾಗ ಹೋಗದೆ ಕಟ್ಕೊಳ್ಳೋದರಿಂದ. ರಸದ್ದು ಅತಿ ಚಿಂತೆಯಿಂದ. ಓದ್ತಾ ಹೋದ್ರೆ ನಮ್ಮ ದೊಡ್ಡೇರಿ ಕಡೆ ಸೊಸೆಯರ ದಿನಚರಿ ಓದಿದಂಗೆ ಆಗುತ್ತೆ!

ಕಡ್ಲೆಕಾಯಿ ಹೊಲಕ್ಕೆ ಕಳೆ ಕೀಳೋಕೆ ಹೋದೋರು ಬಿಸಿಲಲ್ಲೂ ನೀರು ಮುಟ್ಟಲ್ಲ. ಕುಡಿದ್ರೆ ಎದ್ದು ಹೋಗ್ಬೇಕು, ಹೋಗೋಕೆ ಮರೆ ಇಲ್ಲ. ಮಧುಗಿರಿಯಲ್ಲಿ ತುಮಕೂರು ಬಸ್ ಹತ್ತೋಳದ್ದೂ ಇದೇ ಕತೆ. ಮನೇಲಿ ಎಲ್ಲರೂ ಉಂಡೆದ್ದ ಮೇಲೆ ಮೂರು ಗಂಟೆಗೆ ಆರಿದ ಮುದ್ದೆ, ತಳದ ಸಾರು. ಹಿಂಗೆ ದಿನಾ ದಾರಿ ಕಟ್ಟಿ, ಉರಿಮೂತ್ರ ಬಂದ ಮೇಲೆ ಎಣ್ಣೆ ತಿಕ್ಕಿದ್ರೆ ಬಿಟ್ಕೊಳ್ಳುತ್ತಾ?

"ತಿಕ್ಕಿಸ್ಕೊಂಡ್ರೆ ಮೈ ಹಗುರಾಗುತ್ತೆ ಕಣೇ" ಅಂತೀರಿ. ಆಗ್ದೆ ಏನು, ಒಂದು ಗಂಟೆ ಯಾರೂ ಕರೀದೆ ಮಲಗಿದ್ರಲ್ಲ! ಮೂಗು ಹಿಡಿದು ನಿಧಾನಕ್ಕೆ ಉಸಿರಾಡೋದೂ ಮನಸ್ಸಿಗೆ ಒಳ್ಳೇದೇ, ಅದಕ್ಕೆ ಕಾಸೇನೂ ಬೇಕಿಲ್ಲ. ಆದ್ರೆ ಅದು ರಕ್ತ ಕಮ್ಮಿ ಆದೋಳಿಗೆ ರಕ್ತ ತರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಬಸುರಿ ಅಲ್ಲದೋಳಿಗೆ ಹಿಮೋಗ್ಲೋಬಿನ್ 12 ಆದ್ರೂ ಇರ್ಬೇಕು. ನಾಲ್ಕು ಮೆಟ್ಲು ಹತ್ತಿದ್ರೆ ಏದುಸಿರು ಬರೋಳಿಗೆ ಮೊದಲು ಅದನ್ನ ನೋಡಿಸ್ಬೇಕು.

ಕೀಲುನೋವೂ ಅಷ್ಟೇ. ಪಾವಗಡ, ಸಿರಾ, ಮಧುಗಿರಿ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಐತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ಆಗಲ್ಲ. ಅಂಥ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲು ಕಂದುತ್ತೆ, ತೀರಾ ಜಾಸ್ತಿ ಇದ್ರೆ ಕೀಲು ಬಿಗಿಯುತ್ತೆ. ನೀರು ಹೆಂಗೈತೆ ಅಂತ ಒಂದು ಮಾತೂ ಕೇಳದೆ "ನಾಡಿ ಕಟ್ಟೈತೆ" ಅಂತ ದುಡ್ಡು ಇಸ್ಕೊಳ್ಳೋದನ್ನ ನಾನು ಮೋಸ ಅಂತಲೇ ಕರೀತೀನಿ.

ಸಮ ಮಾಡ್ಬೇಕು ಅಂದ್ರೆ ಮನೇಲಿ ಮಾಡಿ. ಹೊಲಕ್ಕೆ ಕೂಲಿ ಕರೆದೋರು ನಾಲ್ಕು ಗಳ ನೆಟ್ಟು ಹಳೇ ಸೀರೆ ಸುತ್ತಿ ಮರೆ ಮಾಡಿಕೊಡ್ಲಿ. ಕುಡಿಯೋಕೆ ಶುದ್ಧ ನೀರಿನ ಘಟಕದ ನೀರು ಹೊತ್ತೊಯ್ಯಿರಿ. ಸರ್ಕಾರಿ ಆಸ್ಪತ್ರೇಲಿ ರಕ್ತ ನೋಡಿಸಿ. ಕಬ್ಬಿಣದ ಮಾತ್ರೆ ಕೊಟ್ರೆ ಮೂಲೇಲಿ ಇಡದೆ ನುಂಗಿ. ಅದರ ಜೊತೆಗೆ ಟೀ ಕುಡೀಬೇಡಿ, ಕಬ್ಬಿಣ ಮೈಗೆ ಹತ್ತಲ್ಲ.

ಅತ್ತೆಮ್ಮಂದಿರೇ, ಸೊಸೆಯ ನಾಡಿ ನೋಡೋಕೆ ದುಡ್ಡು ಕೊಟ್ಟು ಯಾರನ್ನೂ ಕರೆಸ್ಬೇಡಿ. ಮಧ್ಯಾಹ್ನ ತಟ್ಟೆ ಹಾಕುವಾಗ ಅವಳದ್ದೂ ಒಂದು ಹಾಕಿ, "ಬಾ, ಬಿಸಿ ಇರುವಾಗ್ಲೇ ಉಣ್ಣು" ಅನ್ನಿ.