ಹತ್ತು ದಿನದ ವಿದೇಶ, ಮೂವತ್ತು ವರ್ಷದ ಮೇಷ್ಟ್ರಿಕೆ

ಮುಂದೆ ಮೇಷ್ಟ್ರಾಗುವವರನ್ನು ಹತ್ತು ದಿನ ಬೇರೆ ದೇಶಕ್ಕೆ ಕಳಿಸಿದರೆ ಅವರಿಗೆ ಬೇರೆ ಸಂಸ್ಕೃತಿಗಳ ತಿಳಿವಳಿಕೆ ಬಂದುಬಿಡುತ್ತದಂತೆ! ನನಗಂತೂ ಇದು ಬರೀ ಬೊಗಳೆ ಅನ್ನಿಸುತ್ತೆ.

ನಮ್ಮ ಸಾಫ್ಟ್‌ವೇರ್ ಮಂದಿಯನ್ನೇ ನೋಡಿ. ಮೂರು ವಾರ ಆನ್‌ಸೈಟ್ ಹೋಗ್ತೀವಿ. ಹೋಟೆಲ್ಲು, ಆಫೀಸು, ಸಂಜೆ ಇಂಡಿಯನ್ ರೆಸ್ಟೋರೆಂಟು, ವೀಕೆಂಡಿಗೆ ಫೋಟೋ. ವಾಪಸ್ ಬಂದಮೇಲೆ 'ಜರ್ಮನಿಯವರು ಹೀಗೇ ಕಣ್ರೀ' ಅಂತ ಹತ್ತು ವರ್ಷ ಭಾಷಣ. ಹೋಗಲಿ ಬಿಡಿ, ನಾವು ಕೋಡ್ ಬರೆಯುವವರು, ನಮ್ಮ ಭಾಷಣ ಕ್ಯಾಂಟೀನಿನಲ್ಲೇ ಮುಗಿಯುತ್ತೆ. ಮೇಷ್ಟ್ರ ಕಥೆ ಹಾಗಲ್ಲ. ಅವರ ಅರೆಬೆಂದ ತಿಳಿವಳಿಕೆ ಪ್ರತಿ ವರ್ಷ ಒಂದೊಂದು ಕ್ಲಾಸಿನ ಮಕ್ಕಳ ತಲೆಗೆ ಹೋಗುತ್ತೆ.

ಬೇರೆಯವರನ್ನು ನೋಡಿದ ಮಾತ್ರಕ್ಕೆ ಪೂರ್ವಾಗ್ರಹ ಹೋಗಲ್ಲ ಅಂತ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದ. ಇಬ್ಬರೂ ಸರಿಸಮಾನರಾಗಿರಬೇಕು, ಒಂದೇ ಗುರಿ ಇರಬೇಕು, ಕೂಡಿ ಕೆಲಸ ಮಾಡಬೇಕು, ಮೇಲಿನವರ ಬೆಂಬಲ ಇರಬೇಕು. ಬಸ್ಸಿನಿಂದಿಳಿದು, ಶಾಲೆ ನೋಡಿ, ಮತ್ತೆ ಬಸ್ ಹತ್ತುವ ಪ್ರವಾಸದಲ್ಲಿ ಇದರಲ್ಲಿ ಎಷ್ಟಿದೆ ಹೇಳಿ?

ನನ್ನ ತಂಗಿ ಬಿಎಡ್ ಓದುತ್ತಿದ್ದಾಳೆ. ಅವಳು ಇಂಟರ್ನ್‌ಶಿಪ್ಪಿಗೆ ಹೋಗುತ್ತಿದ್ದ ಶಾಲೆಗೆ ಯೂರೋಪಿನಿಂದ ಇಂಥದೇ ಒಂದು ತಂಡ ಬಂದಿತ್ತು. ಎರಡು ದಿನ ಪಾಠ ಬಂದ್. ಮಕ್ಕಳಿಗೆ ಸ್ವಾಗತದ ಡ್ಯಾನ್ಸು, ಹೂವಿನ ಹಾರ, ಬಿಸಿಲಲ್ಲಿ ಸಾಲು. ಬಂದವರು ಒಳ್ಳೆಯವರೇ ಮಾರಾಯ್ರೆ, ನಗುನಗುತ್ತಾ ಇದ್ದರು. ಆದರೆ ಅವರು ಕಂಡಿದ್ದು ಅವರಿಗಾಗಿ ಸಿಂಗರಿಸಿದ ಶಾಲೆ. ಹೋದಮೇಲೆ ಒಂದು ಪತ್ರವೂ ಇಲ್ಲ. ತಂಗಿ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ನಾವು ಯಾವಾಗ ಅವರ ಶಾಲೆ ನೋಡೋದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

'ಎಲ್ಲರಿಗೂ ಆರು ತಿಂಗಳು ಇರೋಕೆ ಆಗುತ್ತಾ?' ಅನ್ನಬಹುದು. ಸರಿಯಾದ ಮಾತೇ. ದುಡ್ಡಿಲ್ಲದವರು, ಮನೆ ಜವಾಬ್ದಾರಿ ಇರುವವರೂ ಇದ್ದಾರೆ. ಯೂರೋಪಿನ ಎರಾಸ್ಮಸ್ ಪ್ಲಸ್ ಯೋಜನೆ 2021ರಿಂದ 5ರಿಂದ 30 ದಿನಗಳ ಪ್ರವಾಸಕ್ಕೆ ಅವಕಾಶ ಕೊಟ್ಟಿದ್ದು ಇಂಥವರನ್ನೂ ನೆನೆದೇ. ಆದರೆ ಅದರ ಜೊತೆ ಆನ್‌ಲೈನ್ ಕಲಿಕೆಯನ್ನೂ ಕಡ್ಡಾಯ ಮಾಡಿದ್ದಾರೆ, ಗಮನಿಸಿ. ಬರೀ ಪ್ರವಾಸ ಸಾಲದು ಅಂತ ಅವರಿಗೂ ಗೊತ್ತು!

ಹಾಗಾಗಿ ನನ್ನ ತಕರಾರು ದಿನಗಳ ಲೆಕ್ಕದ ಮೇಲಲ್ಲ. ಹತ್ತು ದಿನವೇ ಇರಲಿ, ಹತ್ತು ಶಾಲೆ ಸುತ್ತುವ ಬದಲು ಒಂದೇ ತರಗತಿಯಲ್ಲಿ ಕೂರಲಿ. ಅಲ್ಲಿನ ಬಿಎಡ್ ವಿದ್ಯಾರ್ಥಿ ಜೊತೆ ಸೇರಿ ಒಂದು ಪಾಠ ಮಾಡಲಿ, ಎಡವಲಿ. ಇಲ್ಲಿಗೆ ಬಂದಷ್ಟೇ ಜನ ಇಲ್ಲಿಂದ ಅಲ್ಲಿಗೂ ಹೋಗಲಿ. ವೀಸಾ ಮತ್ತು ಟಿಕೆಟ್ ಖರ್ಚು ಯಾರದು ಅಂತ ಮೊದಲೇ ತೀರ್ಮಾನವಾಗಲಿ.

ಇನ್ನು ನಮ್ಮವರಿಗೆ ಒಂದು ಮಾತು. 2014ರ ಎನ್‌ಸಿಟಿಇ ನಿಯಮದ ಪ್ರಕಾರ ಬಿಎಡ್‌ನಲ್ಲಿ 20 ವಾರ ಶಾಲಾ ಇಂಟರ್ನ್‌ಶಿಪ್ ಇದೆ. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ರಾಯಚೂರಿನಿಂದ, ಬಿಹಾರದಿಂದ, ನೇಪಾಳದಿಂದ ಕೂಲಿಗೆ ಬಂದವರ ಮಕ್ಕಳು ಕೂತಿರುತ್ತಾರೆ. ಕನ್ನಡ ಅರ್ಥವಾಗದೆ ಕೊನೇ ಬೆಂಚಲ್ಲಿ ಸುಮ್ಮನಿರುವ ಆ ಹುಡುಗಿಯ ಮನೆಮಾತು ಯಾವುದು ಅಂತ ಕೇಳದ ಮೇಷ್ಟ್ರು ಫಿನ್‌ಲ್ಯಾಂಡ್ ನೋಡಿ ಬಂದರೆ ಏನು ಬಂತು? ಅವಳನ್ನು ಮಾತಾಡಿಸೋಕೆ ಪಾಸ್‌ಪೋರ್ಟ್ ಬೇಕಿಲ್ಲ.

ನೀವೇನಂತೀರಿ?